ಅಂಚಿಗೆ ಬೆನ್ನು ಕೊಟ್ಟು ನಿಂತವರು

ಅವರು ಹೋದ ಸುದ್ದಿಯನ್ನು ನಾನು ಯಾರಿಗೆ ಹೇಳಿದರೂ ಎಲ್ಲರೂ ಮೊದಲು ಕೇಳಿದ್ದು ಒಂದೇ ಮಾತು: "ಬಿದ್ದರಾ?"

ಕಟ್ಟಡ ಕಾರ್ಮಿಕನೊಬ್ಬ ಸತ್ತರೆ ಮೇಲಿನಿಂದ ಬಿದ್ದೇ ಸತ್ತಿರಬೇಕೆಂದು ಈ ನಗರ ನಂಬಿಕೊಂಡಿದೆ. ಬಿದ್ದವನಿಗೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಸಿಗುತ್ತದೆ. ಬೀಳದೆ ಸತ್ತವನಿಗೆ ಅದೂ ಇಲ್ಲ. ಅವರು ಬೀಳಲಿಲ್ಲ. ಆಯುಷ್ಯದ ಬಹುಪಾಲನ್ನು ಮುಗಿಯದ ಕಟ್ಟಡಗಳ ಅಂಚಿನಲ್ಲಿ ಕಳೆದ ಆ ಮನುಷ್ಯ ತಾನೂ ಬೀಳಲಿಲ್ಲ, ಇನ್ನೊಬ್ಬರನ್ನೂ ಬೀಳಗೊಡಲಿಲ್ಲ. ಅವರನ್ನು ಕೊಂದದ್ದು ನೀರು. ಕಾಂಕ್ರೀಟು ಗಟ್ಟಿಯಾಗಲೆಂದು ಟ್ಯಾಂಕರಿನಲ್ಲಿ ತರಿಸುತ್ತಿದ್ದ ನೀರನ್ನೇ ಗೋರೆಗಾಂವಿನ ಆ ಲೇಬರ್ ಕ್ಯಾಂಪಿನಲ್ಲಿ ಕುಡಿಯುವುದಕ್ಕೂ ಕೊಡುತ್ತಿದ್ದರು. ಕಾಮಾಲೆ ಹತ್ತಿ ಕಣ್ಣು ಹಳದಿಯಾದ ಮೇಲೂ ಅವರು ಕೆಲಸಕ್ಕೆ ಹೋದರು. ಹೋಗದಿದ್ದರೆ ಕ್ಯಾಂಪಿನ ಜಾಗ ಬಿಡಬೇಕಿತ್ತು. ಕೊನೆಗೆ ಊರಿನ ರೈಲು ಹತ್ತುವ ಹೊತ್ತಿಗೆ ತಡವಾಗಿತ್ತು. ಕೆಲಸದ ವೇಳೆಯಲ್ಲಿ ಸಾಯಲಿಲ್ಲವಾದ್ದರಿಂದ ಅದು ಕೆಲಸದ ಸಾವಲ್ಲ. ಮುಂಬಯಿಯಲ್ಲಿ ಸಾಯಲಿಲ್ಲವಾದ್ದರಿಂದ ಮುಂಬಯಿಯ ಸಾವೂ ಅಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರೇ ಹಾಕಿದ್ದ ಷರತ್ತು. "ಬೇಕಾದ್ದ ಬರೀರಿ ಅಕ್ಕಾರ, ಹೆಸರೊಂದ ಬರೀಬ್ಯಾಡ್ರಿ. ಹೆಸರ ಪೇಪರ್‌ದಾಗ ಬಂದ್ರ ಮರುದಿನ ಗೇಟಿನಾಗ ಒಳಗ ಬಿಡಂಗಿಲ್ಲ." ಈಗ ಅವರನ್ನು ತಡೆಯಬಲ್ಲ ಗೇಟು ಯಾವುದೂ ಉಳಿದಿಲ್ಲ. ಆದರೆ ಅವರ ಹೆಂಡತಿಯ ತಮ್ಮ ಪುಣೆಯಲ್ಲಿ ಅದೇ ಗುತ್ತಿಗೆದಾರನ ಕೈಕೆಳಗೆ ಕೆಲಸ ಮಾಡುತ್ತಾನೆ. ಕೊಟ್ಟ ಮಾತು ಹಾಗೆಯೇ ಇರಲಿ. ಕ್ಯಾಂಪಿನಲ್ಲಿಯೂ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ದಕ್ಷಿಣದಿಂದ ಬಂದವರನ್ನೆಲ್ಲ ಈ ನಗರ ಕರೆಯುವಂತೆ ಅವರನ್ನೂ "ಅಣ್ಣಾ" ಎನ್ನುತ್ತಿದ್ದರು. ತಲೆಯ ಮೇಲೆ ಪಾತ್ರೆ ಹೊತ್ತು ಇಡ್ಲಿ ಮಾರುವವನೂ ಅಣ್ಣಾ, ಇವರೂ ಅಣ್ಣಾ. ಸಂಬಂಧದ ಶಬ್ದವೊಂದನ್ನು ಸಂಬಂಧವೇ ಇಲ್ಲದೆ ಬಳಸುವ ವಿದ್ಯೆ ಮುಂಬಯಿಗೆ ಚೆನ್ನಾಗಿ ಗೊತ್ತು.

ನಾನು ಮುಲುಂಡಿನವಳು. ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರರ ಮಗಳು. ಕಟ್ಟಡ ಕಾರ್ಮಿಕರ ಹಕ್ಕುಗಳಿಗಾಗಿ ಕೆಲಸ ಮಾಡುವ ಒಂದು ಸಣ್ಣ ಸಂಘಟನೆಯಲ್ಲಿದ್ದೇನೆ. ಕ್ಯಾಂಪಿನ ನೀರಿನ ವಿಷಯ ವಿಚಾರಿಸಲೆಂದು ಒಂದು ಭಾನುವಾರ ಮಧ್ಯಾಹ್ನ ಗೋರೆಗಾಂವಿನ ಆ ಸೈಟಿಗೆ ಹೋದಾಗ ತಗಡಿನ ಶೆಡ್ಡುಗಳಲ್ಲಿ ಯಾರೂ ಇರಲಿಲ್ಲ. ಭಾನುವಾರ ಅರ್ಧ ದಿನದ ಕೆಲಸ. ಎಲ್ಲರೂ ಸಂತೆಗೆ ಹೋಗಿರಬೇಕೆಂದುಕೊಂಡೆ. "ಸಬ್ ಊಪರ್ ಹೈ, ಮೇಡಮ್. ಮ್ಯಾಚ್ ಹೈ," ಎಂದು ವಾಚ್‌ಮನ್ ಕಟ್ಟಡದತ್ತ ಬೆರಳು ತೋರಿಸಿದ. ಕಟಕಟೆಯಿಲ್ಲದ ಮೆಟ್ಟಿಲುಗಳನ್ನು ಗೋಡೆಗೆ ಅಂಟಿಕೊಂಡು ಹತ್ತುತ್ತಿದ್ದೆ. ಮೇಲಿನಿಂದ ಹಿಂದಿ, ಬಂಗಾಳಿ, ನನಗೆ ತಿಳಿಯದ ಇನ್ನೊಂದು ಭಾಷೆಯ ಕೂಗಾಟ ಕೇಳಿಸುತ್ತಿತ್ತು. ಅದರ ನಡುವೆ ಇದ್ದಕ್ಕಿದ್ದಂತೆ ಒಂದು ದನಿ:

"ಏ ತಡಿ! ತಡಿ ಅಂದ್ರ ತಡಿ! ಮಗನ, ಹೆಂಡ್ರ ಮಕ್ಕಳಿಲ್ಲೇನ್ ನಿನಗ?"

ನಾನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಎಷ್ಟೋ ಸೈಟುಗಳನ್ನು ಹತ್ತಿ ಇಳಿದಿದ್ದೇನೆ. ಅಷ್ಟು ಎತ್ತರದಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು.

ಆ ಫುಟ್‌ಬಾಲ್ ಆಟದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಸ್ಲ್ಯಾಬು ಹಾಕಿ, ಅದನ್ನು ಹೊತ್ತು ನಿಂತ ಕಬ್ಬಿಣದ ಜಾಕುಗಳನ್ನು ಬಿಚ್ಚಿದ ಮೇಲೆ, ಕೋಣೆಗಳ ಗೋಡೆ ಏಳುವುದಕ್ಕೆ ಮುಂಚೆ, ಪ್ರತಿ ಮಹಡಿಯೂ ಕೆಲವು ದಿನ ಬಯಲಾಗಿರುತ್ತದೆ. ಮೇಲೆ ಕಾಂಕ್ರೀಟಿನ ಆಕಾಶ, ನಡುನಡುವೆ ಕಂಬಗಳು, ಕೆಳಗೆ ನುಣುಪಾದ ನೆಲ. ಆ ಬಯಲೇ ಇವರ ಮೈದಾನ. ಗೋಡೆ ಬಂದಂತೆ ಆಟ ಮೇಲಿನ ಮಹಡಿಗೆ ಏರುತ್ತಿತ್ತು. ಎರಡು ಹೆಲ್ಮೆಟ್ ಇಟ್ಟರೆ ಗೋಲು. ಚೆಂಡನ್ನು ಮೊಣಕಾಲಿಗಿಂತ ಮೇಲೆ ಎತ್ತಬಾರದು ಎಂಬುದು ಕಾನೂನು. ಮೂರು ಕಡೆ ಬಿದಿರಿನ ಸಾರುವೆ, ಹಸಿರು ಬಲೆ ಇದ್ದವು. ಸಾಮಾನು ಎಳೆದುಕೊಳ್ಳುವ ನಾಲ್ಕನೆಯ ಕಡೆ ಏನೂ ಇರಲಿಲ್ಲ. ನೆಲ ಮುಗಿದಲ್ಲಿ ಗಾಳಿ.

ಅಲ್ಲಿ ಅವರು ನಿಂತಿದ್ದರು. ಗಾಳಿಗೆ ಬೆನ್ನು, ಆಟಕ್ಕೆ ಮುಖ. ಹಟ್ಟಿಯ ಬಾಗಿಲಿಗೆ ಅಡ್ಡ ನಿಂತು ಕರುವನ್ನು ತಡೆಯುವವರ ಹಾಗೆ ಎರಡೂ ಕೈ ಅರ್ಧ ಚಾಚಿ. ಕುಳ್ಳಗೆ ಗಟ್ಟಿಮುಟ್ಟಾದ ಆಳು, ಅಲ್ಲಲ್ಲಿ ನರೆತ ಮೀಸೆ, ಹಣೆಯಲ್ಲಿ ಬೆವರಿಗೆ ಅರ್ಧ ಅಳಿಸಿದ ವಿಭೂತಿ. ಚೆಂಡು ಆ ಕಡೆ ಉರುಳಿದರೆ ಪಾದದಿಂದ ತಡೆದು ಒಳಗೆ ತಳ್ಳುವರು. ಆಟದ ಮತ್ತಿನಲ್ಲಿ ಯಾರಾದರೂ ಓಡಿ ಬಂದರೆ "ತಡಿ!" ಎನ್ನುವರು. ಮಾಲ್ಡಾದ ಆಳಿಗೂ ಝಾರ್ಖಂಡದ ಆಳಿಗೂ ಅಷ್ಟು ಕನ್ನಡ ಬರುತ್ತಿತ್ತು. ಅಷ್ಟೇ ಸಾಕಿತ್ತು.

ಈ ಪದ್ಧತಿ ಹುಟ್ಟಿದ್ದು ರಫೀಕುಲ್‌ನಿಂದ. ರಫೀಕುಲ್ ಮಾಲ್ಡಾದವನು, ಕಬ್ಬಿಣದ ಸರಳು ಕಟ್ಟುವ ಕೆಲಸದವನು, ಆ ಸೈಟಿನ ಅತಿ ವೇಗದ ಆಟಗಾರ. ಕೆಳಗಿನ ಒಂದು ಮಹಡಿಯಲ್ಲಿ ಆಡುತ್ತಿದ್ದಾಗ ಚೆಂಡಿನ ಹಿಂದೆ ಓಡಿದವನು ಅಂಚನ್ನು ಮರೆತ. ಕಂಬಕ್ಕೊರಗಿ ಬೀಡಿ ಸೇದುತ್ತ ನೋಡುತ್ತಿದ್ದ ಇವರು ಅವನ ಅಂಗಿ ಹಿಡಿದು ಜಗ್ಗಿದರು. ಅಂಗಿ ಹರಿಯಿತು, ಮನುಷ್ಯ ಉಳಿದ, ಚೆಂಡು ಕೆಳಗೆ ಹೋಗಿ ಮರಳಿನಲ್ಲಿ ಬಿತ್ತು. ಅಂದಿನಿಂದ ಒಬ್ಬರು ಅಲ್ಲಿ ನಿಲ್ಲದೆ ಆಟ ಶುರುವಾಗುತ್ತಿರಲಿಲ್ಲ. ಬೇರೆ ಯಾರು ನಿಂತರೂ ಆಟದ ಸೆಳೆತಕ್ಕೆ ಎರಡು ಹೆಜ್ಜೆ ಒಳಗೆ ಬಂದುಬಿಡುತ್ತಿದ್ದರು. ಇವರು ಬರುತ್ತಿರಲಿಲ್ಲ. ಹೀಗಾಗಿ ಆ ಜಾಗ ಇವರದೇ ಆಯಿತು.

ಹೆದರಿಕೆಯಾಗುವುದಿಲ್ಲವೇ ಎಂದು ನಾನು ಕೇಳಿದ್ದೆ.

"ಖಾಲಿ ಕಡಿ ಮಾರಿ ಮಾಡಿ ನಿಂತ್ರ ಜೀವ ಜುಮ್ ಅಂತದ್ರಿ. ಬೆನ್ನ ಕೊಟ್ಟ ನಿಂತ್ರ ಏನೂ ಇಲ್ಲ. ನೋಡ್ದೇ ಇದ್ದದ್ದು ಇರಂಗಿಲ್ಲ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಆ ಅಂಚಿನಿಂದ ಕೆಳಗೆ ನೋಡಿದರೆ ಪಕ್ಕದಲ್ಲಿಯೇ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಒಂದು ಟರ್ಫ್ ಕಾಣುತ್ತಿತ್ತು. ಹಸಿರು ಪ್ಲಾಸ್ಟಿಕ್ ಹುಲ್ಲು, ದೀಪದ ಕಂಬಗಳು, ಸುತ್ತಲೂ ಮತ್ತು ಮೇಲೂ ಬಲೆ. ಚೆಂಡು ಹಾರಿ ರಸ್ತೆಯ ಕಾರುಗಳಿಗೆ ತಗುಲಬಾರದಲ್ಲ! ಹಾಗಿದ್ದೂ ಒಂದು ಹರಕಿನಿಂದ ತಪ್ಪಿಸಿಕೊಂಡು ಬಂದ ಚೆಂಡೇ ಇವರ ಚೆಂಡು. ಈ ಮಹಾನಗರದ ಮನಸ್ಸನ್ನು ಅರಿಯಲು ಆ ಅಂಚಿಗಿಂತ ಒಳ್ಳೆಯ ಜಾಗವಿಲ್ಲ. ಕೆಳಗೆ ಚೆಂಡು ಬೀಳದಂತೆ ಬಲೆ ಕಟ್ಟಿದ್ದರು. ಮೇಲೆ ಮನುಷ್ಯ ಬೀಳದಂತೆ ಕಟ್ಟಿರಲಿಲ್ಲ. ಆ ಬಲೆಯ ಕೆಲಸವನ್ನು ಯಾದಗಿರಿ ಕಡೆಯ ಒಬ್ಬ ಸೆಂಟ್ರಿಂಗ್ ಕೆಲಸಗಾರ ತನ್ನ ರಜೆಯ ಹೊತ್ತಿನಲ್ಲಿ ಮಾಡುತ್ತಿದ್ದ.

ಅವರು ಸೆಂಟ್ರಿಂಗಿನವರು. ಕಾಂಕ್ರೀಟು ಸುರಿಯುವುದಕ್ಕೆ ಮುಂಚೆ ಹಲಗೆ ಹೊಡೆದು ಅಚ್ಚು ಕಟ್ಟುವುದು, ಗಟ್ಟಿಯಾದ ಮೇಲೆ ಬಿಚ್ಚುವುದು. ತಂದೆಯದೂ ಅದೇ ಕಸುಬು. "ನಾ ಹುಟ್ಟಿದ್ದ ಪುಣಾದಾಗ, ಬಿಲ್ಡಿಂಗದ ಬುಡಕ," ಎನ್ನುತ್ತಿದ್ದರು. ಅವರ ತಂದೆಯ ಕಾಲದಲ್ಲಿ ಸೈಟಿನಲ್ಲಿ ಸಂಸಾರಗಳಿರುತ್ತಿದ್ದವು. ಸೀರೆಯ ತೊಟ್ಟಿಲು, ಮೂರು ಕಲ್ಲಿನ ಒಲೆ, ಜಗಳ, ಬಾಣಂತನ ಎಲ್ಲ ಅಲ್ಲೇ. ಆ ಬದುಕು ಸುಖದ್ದಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಈಗಿನ ಗುತ್ತಿಗೆದಾರರು ಕಂಡುಕೊಂಡ ಉಪಾಯ ಅದಕ್ಕಿಂತ ಕ್ರೂರವಾದದ್ದು. ಕ್ಯಾಂಪಿನಲ್ಲಿ ಗಂಡಸರಿಗೆ ಮಾತ್ರ ಜಾಗ. ಹೆಂಡತಿ ಮಕ್ಕಳಿದ್ದರೆ ನೀರು ಹೆಚ್ಚು ಬೇಕು, ಪಾಯಿಖಾನೆ ಬೇಕು, ಬಾಲವಾಡಿ ಬೇಕು. ಆದ್ದರಿಂದ ಮದುವೆಯಾದವರನ್ನೂ "ಸಿಂಗಲ್" ಎಂದು ಬರೆದುಕೊಳ್ಳುತ್ತಾರೆ. ಅವರ ಹೆಂಡತಿ ಮತ್ತು ಮಗಳು ಊರಿನಲ್ಲಿದ್ದರು. ಇವರು ಇಲ್ಲಿ ಎರಡು ಅಂತಸ್ತಿನ ಒಂದು ಮಂಚದ ಮೇಲಿನ ಅರ್ಧದಲ್ಲಿದ್ದರು.

ಆ ಕ್ಯಾಂಪಿನಲ್ಲಿ ಅವರೊಬ್ಬರೇ ಕನ್ನಡಿಗರು. ಜೊತೆಗೆ ಬಂದಿದ್ದ ಅವರ ಕಡೆಯ ತಂಡ ಒಬ್ಬೊಬ್ಬರಾಗಿ ಬೇರೆ ಸೈಟುಗಳಿಗೆ ಚದುರಿ ಇವರೊಬ್ಬರು ಉಳಿದಿದ್ದರು. ಅಡುಗೆಯೂ ರಾಜ್ಯವಾರು: ಬಂಗಾಳದವರದೊಂದು ಒಲೆ, ಝಾರ್ಖಂಡದವರದೊಂದು. ಎರಡರಲ್ಲೂ ಅನ್ನ. ಇವರಿಗೆ ರೊಟ್ಟಿ ಇಲ್ಲದಿದ್ದರೆ ಉಂಡಂತಲ್ಲ. ಊರಿನಿಂದ ಬರುವವರ ಕೈಯಲ್ಲಿ ಹೆಂಡತಿ ಕಳುಹಿಸುತ್ತಿದ್ದ ಖಡಕ್ ಜೋಳದ ರೊಟ್ಟಿಯ ಅಡಕಲನ್ನು ಬಟ್ಟೆಯಲ್ಲಿ ಸುತ್ತಿ ತಲೆದೆಸೆಗೆ ಇಟ್ಟುಕೊಳ್ಳುತ್ತಿದ್ದರು. ಮಾಲ್ಡಾದವರು ಅದನ್ನು ಬೆರಳಿನಿಂದ ಬಡಿದು ನೋಡಿ, "ಅಣ್ಣಾ ಕಾ ಪ್ಲೈವುಡ್!" ಎಂದು ಗೇಲಿ ಮಾಡುವರು. "ತಿಂದ ನೋಡ್ರಿ ಮಕ್ಕಳ್ರ್ಯಾ, ನಿಮ್ಮ ಅನ್ನ ಮೂರ ತಾಸಿಗೆ ನೀರಾಗತದ, ಇದು ಸಂಜಿತನಕ ಸ್ಲ್ಯಾಬ್ ಹಿಡದಂಗ ಹಿಡಿತದ," ಎಂದು ಇವರು ಕನ್ನಡದಲ್ಲೇ ತಿರುಗಿ ಹೇಳುವರು. ಅವರಿಗೆ ಅರ್ಥವಾಗುತ್ತಿರಲಿಲ್ಲ. ಇವರಿಗೆ ಹೇಳಿದ ಸಮಾಧಾನ.

ಒಮ್ಮೆ ಹೇಳಿದರು: "ಅಕ್ಕಾರ, ಈಗೀಗ ಕನಸ ಸುದ್ದಾ ಹಿಂದಿಯಾಗ ಬೀಳಾಕತ್ತಾವ. ನಮ್ಮವ್ವ ಕನಸಿನ್ಯಾಗ ಬಂದು 'ಖಾನಾ ಖಾಯಾ?' ಅಂದ್ಳು. ಎಚ್ಚರಾಗಿ ಕುಂತೆ. ಅಕಿಗಿ ಹಿಂದಿ ಎಲ್ಲಿ ಬರ್ತಿತ್ರಿ?"

ನಾನು ಹೋದಾಗಲೆಲ್ಲ ಏನಾದರೂ ನೆಪ ಮಾಡಿ ಮಾತಿಗೆ ನಿಲ್ಲಿಸಿಕೊಳ್ಳುತ್ತಿದ್ದರು. "ನಿಮ್ಮದು ಪುಸ್ತಕದ ಕನ್ನಡ ಬಿಡ್ರಿ. ಅಡ್ಡಿಲ್ಲ, ನಡೀತದ," ಎಂದು ಒಪ್ಪಿಗೆ ಕೊಟ್ಟಿದ್ದರು. ನನ್ನ ಹೋರಾಟದ ಬಗ್ಗೆ ಅವರಿಗೆ ಗೌರವವಿತ್ತು, ನಂಬಿಕೆ ಇರಲಿಲ್ಲ. "ನೀವ ಬಂದ್ರಿ ಅಂದ್ರ ಇಂಜಿನಿಯರ್ ಸಾಹೇಬರ ಮಾರಿ ಸಿಮೆಂಟ್ ಆಗತದ. ನೀವ ಹೋದ ಮ್ಯಾಲ ನಾವ್ ಅದಕ್ಕ ನೀರ ಹೊಡೀಬೇಕು."

ಆಟ ಯಾವಾಗಲೂ ಬಂಗಾಳಕ್ಕೂ ಝಾರ್ಖಂಡಕ್ಕೂ. ಅದು ಯಾರೂ ಕೂತು ಮಾಡಿದ ನಿಯಮವಲ್ಲ. ಒಲೆಯಂತೆ, ಮಂಚದಂತೆ, ತಂಡವೂ ತಾನಾಗಿ ಹಾಗೆ ಆಗಿತ್ತು. ಇವರನ್ನು ಯಾರೂ ಬೇಡವೆಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ. ಕರ್ನಾಟಕದ ತಂಡಕ್ಕೆ ಒಬ್ಬನೇ ಆಟಗಾರನಾದರೆ ಅವನು ಅಂಚಿನಲ್ಲಿ ನಿಲ್ಲಬೇಕು. ನೀವು ಯಾರ ಕಡೆ ಎಂದು ನಾನು ತಮಾಷೆಗೆ ಕೇಳಿದರೆ, "ಎರಡೂ ಕಡಿ ನಂದಽ ರೀ," ಎನ್ನುವರು. ಎರಡೂ ಕಡೆ ತನ್ನದೆನ್ನುವವನಿಗೆ ಒಂದು ಕಡೆಯೂ ಇಲ್ಲವೆಂಬುದು ನನಗೆ ತಿಳಿದದ್ದು ಒಂದು ಸಂಜೆ. ಆಟ ಮುಗಿದು ಎಲ್ಲರೂ ಗಲಾಟೆ ಮಾಡುತ್ತ ಇಳಿದು ಹೋಗಿದ್ದರು. ನಾನು ಮರೆತುಬಂದಿದ್ದ ನೀರಿನ ಬಾಟಲಿಗೆಂದು ತಿರುಗಿ ಮೇಲೆ ಹೋದೆ. ಅವರು ಒಬ್ಬರೇ ಇದ್ದರು. ಚೆಂಡನ್ನು ಮೆಲ್ಲಗೆ ಒಂದು ಕಂಬಕ್ಕೆ ಒದೆಯುವುದು, ಅದು ತಿರುಗಿ ಬಂದರೆ ಕಾಲಿನಿಂದ ಹಿಡಿಯುವುದು, ಮತ್ತೆ ಒದೆಯುವುದು. ಬಂದ ಚೆಂಡಿಗೆ, "ಬಾ... ಹಾಂ, ಬಾ," ಎಂದು ಮಾತಾಡಿಸುತ್ತಿದ್ದರು. ನಾನು ಬಾಟಲಿಯನ್ನು ಅಲ್ಲೇ ಬಿಟ್ಟು ಸದ್ದಾಗದಂತೆ ಇಳಿದೆ.

ಆ ಅಂಚಿನ ವಿಷಯವನ್ನು ನಾವು ಬಿಡಲಿಲ್ಲ. ಬಿಡಲಾಗದು. ಗುತ್ತಿಗೆದಾರನಿಗೆ ಬರೆದೆವು, ಉತ್ತರವಿಲ್ಲ. ಕಾರ್ಮಿಕ ಇಲಾಖೆಯ ಕಚೇರಿಯ ಬೆಂಚುಗಳನ್ನು ಸವೆಸಿದೆವು. ಇನ್‌ಸ್ಪೆಕ್ಟರ್ ಬರುತ್ತಾರೆಂಬ ಸುದ್ದಿ ಅವರಿಗಿಂತ ಮುಂಚೆ ಸೈಟನ್ನು ಮುಟ್ಟಿತು, ಒಂದೇ ದಿನದಲ್ಲಿ ಪೈಪಿನ ಕಟಕಟೆಯೂ ಬಲೆಯೂ ಎದ್ದವು. ಒಂದೇ ದಿನದಲ್ಲಿ ಏಳಬಹುದಾದದ್ದು ಅಷ್ಟು ಕಾಲ ಏಳಲಿಲ್ಲವೆಂಬುದನ್ನು ಮರೆಯಬಾರದು. ಅಷ್ಟು ಕಾಲವೂ ಅಲ್ಲಿ ಮನುಷ್ಯರನ್ನು ಪೈಪಿಗಿಂತ ಅಗ್ಗವೆಂದು ಎಣಿಸಿದ್ದರು. ಆದರೂ ಎದ್ದಿತು. ನಾನು ಸಂತೋಷದಿಂದ ಮೇಲೆ ಹೋದೆ. ಅವರು ಕಟಕಟೆಯನ್ನು ಎರಡು ಕೈಯಿಂದ ಹಿಡಿದು ಅಲುಗಿಸಿ ನೋಡಿದರು. ಗಟ್ಟಿಯಾಗಿತ್ತು.

"ಛಲೋ ಮಾಡಿದ್ರಿ ಅಕ್ಕಾರ," ಎಂದರು. ಆಮೇಲೆ, ನನ್ನನ್ನು ನೋಡದೆ, "ಇನ್ನ ನಾ ಎಲ್ಲಿ ನಿಂದರ್ಲಿ?" ಎಂದು ಕೇಳಿದರು.

"ಇನ್ನು ನಿಲ್ಲುವುದೇಕೆ? ನೀವೂ ಆಡಬಹುದಲ್ಲ."

"ಯಾರ ಕಡಿಂದ?"

ನನ್ನ ಬಳಿ ಕಾಯಿದೆಗಳಿದ್ದವು, ಕಲಮುಗಳಿದ್ದವು. ಅವರಿಗೆ ಕೊಡಲು ಒಂದು ತಂಡವಿರಲಿಲ್ಲ.

ಆ ಭಾನುವಾರ ಆಟ ಅವರಿಲ್ಲದೆ ನಡೆಯಿತು. ಚೆಂಡು ಕಟಕಟೆಯ ಬಲೆಗೆ ತಗುಲಿ ತಾನಾಗಿ ತಿರುಗಿ ಬರುತ್ತಿತ್ತು. ಅವರು ಸಿಮೆಂಟ್ ಬ್ಲಾಕುಗಳ ರಾಶಿಯ ಮೇಲೆ ಕೂತು ರೊಟ್ಟಿ ಮುರಿಯುತ್ತ ನೋಡಿದರು. ಮುಂದಿನ ಭಾನುವಾರ ಮೇಲಕ್ಕೆ ಬರಲಿಲ್ಲ. ನಾನು ಕ್ಯಾಂಪಿಗೆ ಹೋದಾಗ ಟ್ಯಾಂಕಿನ ಬಳಿ ಕೂತು ಬಟ್ಟೆ ಒಗೆಯುತ್ತಿದ್ದರು. ಪಕ್ಕದ ಹಗ್ಗದ ಮೇಲೆ ಅದಾಗಲೇ ಒಣಗಿದ್ದ ಬಟ್ಟೆಗಳನ್ನೂ ತೆಗೆದು ಮತ್ತೆ ನೀರಿಗೆ ಹಾಕುತ್ತಿದ್ದರು. "ಹೊತ್ತ ಹೋಗಬೇಕಲ್ರಿ," ಎಂದರು. ಕಟ್ಟಡದ ಮೇಲಿನಿಂದ ಕೂಗು ಕೇಳಿದಾಗ ಒಮ್ಮೆ ತಲೆಯೆತ್ತಿದರು. ಅಷ್ಟೇ.

ನಮ್ಮ ಸಂಘಟನೆ ಜೋಗೇಶ್ವರಿಯ ಒಂದು ಸಾರ್ವಜನಿಕ ಮೈದಾನದಲ್ಲಿ ಕಾರ್ಮಿಕರ ಆಟದ ದಿನವೊಂದನ್ನು ಏರ್ಪಡಿಸಿತು. ಅನುಮತಿ ಪಡೆಯುವುದೇ ಒಂದು ಹೋರಾಟವಾಯಿತು. ಸುತ್ತಲಿನ ಸೊಸೈಟಿಗಳವರಿಗೆ ತಮ್ಮ ಮನೆಗಳನ್ನು ಕಟ್ಟಿದವರು ತಮ್ಮ ಕಿಟಕಿಯೆದುರು ಆಡುವುದು ಇಷ್ಟವಿರಲಿಲ್ಲ. ಒಂದು ಸೈಟಿಗೆ ಒಂದೇ ತಂಡ ಎಂಬ ನಿಯಮ ಮಾಡಿದೆವು. ಗೋರೆಗಾಂವಿನ ಕ್ಯಾಂಪಿನಲ್ಲಿ ಅದರಿಂದ ದೊಡ್ಡ ಜಗಳವೆದ್ದಿತು. ಬಂಗಾಳದವರು ಐದು, ಝಾರ್ಖಂಡದವರು ಐದು ಎಂದು ಒಪ್ಪಿದರು. ಹನ್ನೊಂದನೆಯವನು ಯಾರ ಕಡೆಯವನು? ಯಾರೂ ಬಿಟ್ಟುಕೊಡಲಿಲ್ಲ. ಕೊನೆಗೆ ರಫೀಕುಲ್ ಹೇಳಿದನಂತೆ: "ಜೋ ನ ಇಧರ್ ಕಾ ಹೈ ನ ಉಧರ್ ಕಾ, ಉಸ್ಕೋ ಲೋ. ಅಣ್ಣಾ ಕೋ ಲೋ." ಇತ್ತಲವನೂ ಅಲ್ಲದ, ಅತ್ತಲವನೂ ಅಲ್ಲದ ಅಣ್ಣಾನನ್ನು ತೆಗೆದುಕೊಳ್ಳಲು ಎರಡೂ ಕಡೆಯವರು ಒಪ್ಪಿದರು.

ಅವರು ತಾವಾಗಿ ನನಗೆ ಫೋನ್ ಮಾಡಿದ್ದು ಆ ಒಂದೇ ಸಲ. "ಅಕ್ಕಾರ," ಎಂದರು. ನಾನು ಗಾಬರಿಯಾದೆ. "ಏನಾಯಿತು?" ಎಂದೆ. "ನನ್ನ ತೊಗೊಂಡ್ರು," ಎಂದರು.

ಆ ದಿನ ಅವರ ತಂಡ ಸೈಟಿನ ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನೇ ಜರ್ಸಿಯಂತೆ ತೊಟ್ಟು ಬಂದಿತು. ಎದುರು ತಂಡ ಜೋಗೇಶ್ವರಿಯ ಲೇತ್ ಕಾರ್ಖಾನೆಗಳವರದು. ಆಟ ಶುರುವಾದ ಸ್ವಲ್ಪ ಹೊತ್ತಿಗೆ ನೋಡುಗರು ನಗತೊಡಗಿದರು. ಕಿತ್ತಳೆ ತಂಡದವರು ಚೆಂಡನ್ನು ಎತ್ತುತ್ತಲೇ ಇರಲಿಲ್ಲ. ನೆಲಕ್ಕೆ ಅಂಟಿಸಿದಂತೆ ಉರುಳಿಸುತ್ತಿದ್ದರು. ಅದಾದರೂ ಆಗಲಿ, ಚೆಂಡು ಬಿಳಿ ಗೆರೆಯತ್ತ ಹೋದಾಗಲೆಲ್ಲ ಅದರ ಹಿಂದೆ ಓಡುತ್ತಿದ್ದವನು ಗೆರೆಗೆ ಎರಡು ಹೆಜ್ಜೆ ಇರುವಾಗ ಗಕ್ಕನೆ ನಿಂತುಬಿಡುತ್ತಿದ್ದ. ಚೆಂಡು ನಿಧಾನವಾಗಿ ಹೊರಗೆ ಉರುಳಿಹೋಗುತ್ತಿತ್ತು. "ಅರೇ, ಉಧರ್ ಕ್ಯಾ ಭೂತ್ ಹೈ ಕ್ಯಾ?" ಎಂದು ಯಾರೋ ಕೂಗಿದರು. ನಗದೆ ನಿಂತಿದ್ದವಳು ಆ ಗುಂಪಿನಲ್ಲಿ ನಾನೊಬ್ಬಳೇ ಇರಬೇಕು. ಗೆರೆಯ ಆಚೆ ಅವರಿಗೆ ಏನು ಕಾಣುತ್ತಿತ್ತೆಂಬುದು ನನಗೆ ಗೊತ್ತಿತ್ತು.

ಅವರು ಬರಿಗಾಲಿನಲ್ಲಿ ಆಡಿದರು. ಚೆಂಡು ಸಿಕ್ಕಿದ್ದು ಕಡಿಮೆ. ಸಿಕ್ಕಾಗಲೆಲ್ಲ ಸರಿಯಾದವನಿಗೆ ಕೊಟ್ಟರು. ಬದಿಯಲ್ಲಿ ಅಷ್ಟು ಕಾಲ ನಿಂತು ನೋಡಿದ ಆಟ ಕಾಲಿಗೆ ಇಳಿದಿತ್ತು. ಗೋಲು ಕೀಪರನಿಗೆ ಕೂಗುತ್ತ, ಝಾರ್ಖಂಡದವನ ಬೆನ್ನು ಚಪ್ಪರಿಸುತ್ತ, ಎಲ್ಲಿಯೂ ನಿಲ್ಲದೆ ಇಡೀ ಮೈದಾನ ಓಡಿದರು. ಅವರನ್ನು ನಾನು ಓಡುತ್ತ ಕಂಡದ್ದು ಅಂದೇ.

ಆಟ ಮುಗಿಯುತ್ತ ಬಂದಿತ್ತು. ಎದುರಿನವರದು ಒಂದು ಗೋಲು, ಇವರದೂ ಒಂದು. ಚೆಂಡು ಮೂಲೆಯತ್ತ ಉರುಳಿತು, ರಫೀಕುಲ್ ಅದರ ಹಿಂದೆ ಬಿಟ್ಟ ಬಾಣದಂತೆ ಹೋದ. ಎದುರಿಗೆ ಗೋಲು ಬಾಯಿ ತೆರೆದು ನಿಂತಿತ್ತು. ಅವನ ಪಕ್ಕದಲ್ಲಿ ಓಡುತ್ತಿದ್ದವರು ಇವರು. ಈ ಸಲ ರಫೀಕುಲ್ ಗೆರೆಯ ಬಳಿ ನಿಧಾನಿಸಲಿಲ್ಲ. ಆಟದ ಮತ್ತು ತಲೆಗೇರಿತ್ತು, ಅವನು ಮರೆತಿದ್ದ. ಅವನು ಮರೆತದ್ದನ್ನು ಇವರು ಕಂಡರು. ಅವನನ್ನು ದಾಟಿ ಮುಂದೆ ಹಾರಿ, ಗೆರೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಕೂಗಿದರು:

"ತಡಿ!"

ರಫೀಕುಲ್ ನಿಂತ. ಅವನೊಬ್ಬನೇ ಅಲ್ಲ, ಮೈದಾನದ ಆ ತುದಿಯಿಂದ ಓಡಿ ಬರುತ್ತಿದ್ದ ಕಿತ್ತಳೆ ಜಾಕೆಟ್ಟುಗಳೆಲ್ಲ ಇದ್ದಲ್ಲಿಯೇ ನಿಂತವು. ಚೆಂಡು ಇವರ ಕಾಲುಗಳ ನಡುವಿನಿಂದ ಗೆರೆ ದಾಟಿತು. ಸೀಟಿ ಕೇಳಿಸಿತು. ನೋಡುಗರು ಹೊಟ್ಟೆ ಹಿಡಿದು ನಕ್ಕರು.

ಅವರಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಚಾಚಿದ ಕೈಗಳು ಹಾಗೆಯೇ ಇದ್ದವು. ಮುಖ ನೋಡಲಾಗಲಿಲ್ಲ. ರಫೀಕುಲ್ ಏದುಸಿರು ಬಿಡುತ್ತ ಹತ್ತಿರ ಬಂದು ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. "ಅಣ್ಣಾ," ಎಂದ ಮೆಲ್ಲಗೆ, "ಯಹಾಂ ಜಮೀನ್ ಹೈ."

ಇಲ್ಲಿ ನೆಲವಿದೆ. ಅವರು ತಿರುಗಿ ನೋಡಿದರು. ಹೊಸದಾಗಿ ಹೊಡೆದ ಹಲಗೆ ತಡೆಯುತ್ತದೋ ಇಲ್ಲವೋ ಎಂದು ಸೆಂಟ್ರಿಂಗಿನವರು ಪರೀಕ್ಷಿಸುವ ಹಾಗೆ, ಒಂದು ಪಾದವನ್ನು ಬಿಳಿ ಗೆರೆಯಾಚೆ ಇಟ್ಟು ಒತ್ತಿದರು. ಮತ್ತೊಮ್ಮೆ ಒತ್ತಿದರು.

ಆಮೇಲೆ ಎದುರಿನವರು ಇನ್ನೊಂದು ಗೋಲು ಹೊಡೆದರು, ಅವರ ತಂಡ ಸೋತಿತು. ತಿರುಗಿ ಬರುವಾಗ ಬಸ್ಸಿನಲ್ಲಿ ತಂಡದವರು ಅವರನ್ನು ಬಿಡಲಿಲ್ಲ. "ಅಣ್ಣಾ ಉನ್ಕಾ ಬಾರವಾಂ ಖಿಲಾಡೀ ಥಾ!" ಎದುರು ತಂಡದ ಹನ್ನೆರಡನೆಯ ಆಟಗಾರ ಇವರೇ ಎಂದು ನಗೆ. ಅವರೂ ನಕ್ಕರು. ನನ್ನ ಸೀಟಿನ ಬಳಿ ಬಂದು ಬಗ್ಗಿ, ಗುಟ್ಟು ಹೇಳುವಂತೆ ಹೇಳಿದರು: "ಸೋತಿವಿ, ಹೋಗ್ಲಿ. ಆದ್ರ ನೋಡಿದ್ರಿಲ್ಲೋ ಅಕ್ಕಾರ? ತಡಿ ಅಂದೆ, ಎಲ್ಲಾರೂ ನಿಂತ್ರು. ಝಾರ್ಖಂಡದವ್ರೂ ನಿಂತ್ರು."

ಕಟ್ಟಡ ಮುಗಿಯುವುದೆಂದರೆ ಕಟ್ಟಿದವರ ಊರು ಮುಳುಗುವುದು. ಗೋಡೆಗಳು ಎದ್ದವು, ಬಯಲು ಕೋಣೆಗಳಾಯಿತು, ಕ್ಯಾಂಪು ಖಾಲಿಯಾಯಿತು. ಬಂಗಾಳದವರು ಮುಲುಂಡಿಗೆ ಹೋದರು, ಝಾರ್ಖಂಡದವರು ಠಾಣೆಯ ಆಚೆಗೆಲ್ಲೋ. ಅವರನ್ನು ಮಾತ್ರ ಪಕ್ಕದ ಟವರಿನ ಬುನಾದಿಗೆಂದು ಅಲ್ಲಿಯೇ ಉಳಿಸಿಕೊಂಡರು. ಬುನಾದಿಯ ಗುಂಡಿಯಲ್ಲಿ ಮಹಡಿಯಿಲ್ಲ, ಬಯಲಿಲ್ಲ. ಕೊನೆಯ ಸಲ ನಾನು ಕಂಡಾಗ ಶೆಡ್ಡಿನ ಹೊಸಬರ ನಡುವೆ ಮಂಚದ ತುದಿಯಲ್ಲಿ ಕೂತಿದ್ದರು. ಈ ಹೊಸಬರೂ ಆಡುತ್ತಾರೆಯೇ ಎಂದು ಕೇಳಿದೆ. "ಆಡ್ತಾರ್ರಿ. ಕ್ರಿಕೆಟ್," ಎಂದು ಹೆಬ್ಬೆರಳನ್ನು ಗಾಳಿಯಲ್ಲಿ ಆಡಿಸಿ ತೋರಿಸಿದರು. "ಮೊಬೈಲಿನ್ಯಾಗ." ಎಲ್ಲರೂ ತಮ್ಮ ತಮ್ಮ ಬೆಳಕಿನ ಚೌಕದೊಳಗೆ ತಲೆ ತಗ್ಗಿಸಿದ್ದರು. ಅವರ ಕಣ್ಣಿನ ಹಳದಿಯನ್ನು ಶೆಡ್ಡಿನ ಆ ಬೆಳಕಿನಲ್ಲಿ ಯಾರೂ ಕಾಣುವಂತಿರಲಿಲ್ಲ.

ಸಾವಿನ ಸುದ್ದಿ ಕೊಟ್ಟವನು ರಫೀಕುಲ್. ನಾನು ಊರಿಗೆ ಫೋನ್ ಮಾಡಿ ಅವರ ಹೆಂಡತಿಯೊಡನೆ ಮಾತಾಡಿದೆ. ಪರಿಹಾರಕ್ಕಾಗಿ ಹೋರಾಡುತ್ತೇವೆ ಎಂದೆ, ಹೋರಾಡುತ್ತಿದ್ದೇವೆ. ಆಮೇಲೆ, ಏನಾದರೂ ಒಳ್ಳೆಯದನ್ನು ಹೇಳಬೇಕೆನಿಸಿ, ಅವರ ಫುಟ್‌ಬಾಲಿನ ಬಗ್ಗೆ ಹೇಳಿದೆ.

"ಆಡ್ತಿದ್ರೇನ್ರಿ?" ಎಂದರು ಆಕೆ. "ನಮಗ ಗೊತ್ತಽ ಇಲ್ಲ. ಐತ್ವಾರ ಸಂಜಿಮುಂದ ಫೋನ್ ಹಚ್ಚಬ್ಯಾಡ, ನನಗ ಡ್ಯೂಟಿ ಅದ ಅಂತಿದ್ರು."

ಕಳೆದ ತಿಂಗಳು ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಮುಲುಂಡಿನ ಸೈಟಿಗೆ ಹೋದೆ, ರಫೀಕುಲ್‌ನನ್ನು ಕಾಣಲು. ಭಾನುವಾರ. ಗುತ್ತಿಗೆದಾರ ಬೇರೆ, ಕಟ್ಟಡ ಬೇರೆ, ಅನ್ಯಾಯ ಅದೇ. ಮೆಟ್ಟಿಲಿಗೆ ಕಟಕಟೆಯಿಲ್ಲ. ಮೇಲಿನ ಬಯಲಿನ ಒಂದು ಕಡೆ ಮುಕ್ತವಾಗಿ ಗಾಳಿಗೆ ತೆರೆದಿದೆ. ಹೆಲ್ಮೆಟ್ಟುಗಳನ್ನಿಟ್ಟು ಎರಡು ತಂಡ ನಿಂತಿದ್ದವು, ಆದರೆ ಆಟ ಶುರುವಾಗಿರಲಿಲ್ಲ. ಯಾರಿಗೋ ಕಾಯುತ್ತಿದ್ದರು. ಒಬ್ಬ, ನಾನು ಎಂದೂ ನೋಡದವನು, ಚೆಂಡಿನ ಮೇಲೆ ಕಾಲಿಟ್ಟುಕೊಂಡು ಅಸಹನೆಯಿಂದ ಕೂಗಿದ:

"ಅರೇ, ಆಜ್ ಅಣ್ಣಾ ಕೌನ್ ಹೈ?" ಇವತ್ತು ಅಣ್ಣಾ ಯಾರು?

"ಮೈ ಹೂಂ, ಮೈ ಹೂಂ," ಎನ್ನುತ್ತ ಒಡಿಶಾದ ಒಬ್ಬ ಬಡಕಲು ಆಳು ಲುಂಗಿಯನ್ನು ಮೇಲೆ ಕಟ್ಟಿಕೊಳ್ಳುತ್ತ ಅಂಚಿನತ್ತ ಹೋದ.

ನಾನು ರಫೀಕುಲ್‌ನ ಮುಖ ನೋಡಿದೆ. ಇವರಲ್ಲಿ ಹೆಚ್ಚಿನವರು ಗೋರೆಗಾಂವನ್ನೇ ಕಂಡವರಲ್ಲ ಎಂದು ಅವನು ಹಿಂದಿಯಲ್ಲಿ ಹೇಳಿದ. ಆಟವೆಂದಮೇಲೆ ಗೋಲು ಕೀಪರ ಬೇಕು, ಅಣ್ಣಾ ಬೇಕು, ಅಷ್ಟೇ ಅವರಿಗೆ ಗೊತ್ತು. ಅಣ್ಣಾ ಎಂಬವರೊಬ್ಬರಿದ್ದರೆಂದು ಗೊತ್ತಿಲ್ಲ.

ನಾನು ಚೀಲದಿಂದ ಕ್ಯಾಮೆರಾ ತೆಗೆದು ಆ ಕಟಕಟೆಯಿಲ್ಲದ ಅಂಚಿನ ಫೋಟೋ ಹಿಡಿದೆ. ದೂರು ಕೊಡಬೇಕು, ಕೊಡುತ್ತೇನೆ. ಮನುಷ್ಯನ ಬೆನ್ನು ಕಟಕಟೆಯಾಗಬಾರದು. ಅದನ್ನೇ ರಫೀಕುಲ್‌ಗೆ ಹೇಳಿ, ಕಟಕಟೆ ಬಂದ ಮೇಲೆ ಅಣ್ಣಾ ಎಲ್ಲಿ ನಿಲ್ಲುತ್ತಾನೆ ಎಂದು ಕೇಳಿದೆ. ಇಷ್ಟು ಸರಳ ವಿಷಯ ನನಗೆ ತಿಳಿಯದ್ದಕ್ಕೆ ಅವನಿಗೆ ಆಶ್ಚರ್ಯವಾದಂತಿತ್ತು.

"ವಹೀಂ," ಎಂದ. ಅಲ್ಲೇ. "ವೋ ತೋ ಖೇಲ್ ಮೇ ಹೈ, ದೀದಿ." ಅವನು ಆಟದಲ್ಲೇ ಇದ್ದಾನೆ.

ಒಡಿಶಾದವನು ಅಂಚನ್ನು ಮುಟ್ಟಿ, ತಿರುಗಿ, ಗಾಳಿಗೆ ಬೆನ್ನು ಕೊಟ್ಟು, ಎರಡೂ ಕೈ ಅರ್ಧ ಚಾಚಿದ. ಆಮೇಲೆಯೇ ಚೆಂಡು ಉರುಳಿತು.